ಚನಮಲ್ಲಪ್ಪನ ಗೂಟದ ಮೇಲೆ ನನ್ನ ಕೈಗುಣ

ನಾನು ಸಿಟ್ಟು ಮಾಡಿಕೊಳ್ಳುವುದನ್ನು ಕಲಿತದ್ದು ನಲವತ್ತೆರಡನೆಯ ವಯಸ್ಸಿಗೆ. ಅದಕ್ಕೂ ಮುಂಚೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ, ಬಂದದ್ದನ್ನು ನುಂಗುತ್ತಿದ್ದೆ. ನಮ್ಮ ಊರಲ್ಲಿ ರೊಟ್ಟಿ ಬಡಿಯುವವಳು ಸಿಟ್ಟಾಗಬಾರದು. ಸಿಟ್ಟಾದರೆ ರೊಟ್ಟಿ ಹರಿಯುತ್ತದೆ. ಬಡಗಿ ಸಿಟ್ಟಾದರೆ ಹಲಗೆ ಸೀಳುತ್ತದೆ, ಕ್ಷೌರದವನು ಸಿಟ್ಟಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬೇರೆ ಊರುಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಕೈಗುಣ ಮನಸ್ಸಿಗೆ ಅಂಟಿಕೊಂಡೇ ಇರುತ್ತದೆ. ಕೈಗವಸಿನ ಹಾಗೆ ಬಿಚ್ಚಿ ಗೂಟಕ್ಕೆ ತೂಗುಹಾಕಿದರೂ ಅಷ್ಟೇ. ಹಿಂದೆ ಬಜಾರಿನ ಒಂದು ಅಂಗಡಿಯಲ್ಲಿ ಕೆಲಸ ಬಿಟ್ಟುಹೋದ ಮುದಿ ದರ್ಜಿಯೊಬ್ಬನ ಕೈಗುಣ ತೂಗುಬಿದ್ದಿತ್ತು. ಅವನು ಮನೆಯಲ್ಲಿ ಜ್ವರದಿಂದ ನಡುಗಿದರೆ ಅದು ಅಂಗಡಿಯಲ್ಲಿ ನಡುಗುತ್ತಿತ್ತು. ಬಟ್ಟೆ ಹೊಲಿಸಲು ಬಂದವರು ಅದನ್ನು ನೋಡಿಯೇ ಅವನ ಆರೋಗ್ಯ ತಿಳಿದುಕೊಂಡು ಹೋಗುತ್ತಿದ್ದರು.

ಚನಮಲ್ಲಪ್ಪ ಸಾವಕಾರನ ಖಾನಾವಳಿಯಲ್ಲಿ ನಾನು ಹದಿನಾಲ್ಕು ವರ್ಷ ರೊಟ್ಟಿ ಬಡಿದೆ. ದಿನಕ್ಕೆ ಮುನ್ನೂರು, ಸಂತೆಯ ದಿನ ಐನೂರು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಸಾವಕಾರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದ.

"ಮನಸ ತಣ್ಣಗ ಐತಿಲ್ಲ ಕಾಶವ್ವಾ?"

"ತಣ್ಣಗೈತ್ರಿ ಸಾವಕಾರ್ರ."

ಆಮೇಲೆ ಒಂದು ಲೋಟ ಮಜ್ಜಿಗೆ ಬರುತ್ತಿತ್ತು. ಅಡುಗೆಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆದ ಗಿರಾಕಿಯನ್ನು ಸಾವಕಾರ ತೋಳು ಹಿಡಿದು ಬೀದಿಗೆ ಕರೆದೊಯ್ದು, ಅಲ್ಲಿ ಬೈಸಿಕೊಂಡು ಒಳಗೆ ಬರುತ್ತಿದ್ದ. ಇದೆಲ್ಲ ನನ್ನ ಮೇಲಿನ ಅಕ್ಕರೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು! ಹಾಲು ಹಿಂಡುವ ಮುಂಚೆ ಎಮ್ಮೆಯ ಬೆನ್ನನ್ನೂ ಹೀಗೇ ಸವರುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಹದಿನಾಲ್ಕು ವರ್ಷ ನೆಲದ ಮೇಲೆ ಕೂತು ಬಡಿದದ್ದಕ್ಕೆ ಮೊಣಕಾಲು ಹೋದವು. ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು; ಗೋಡೆಯ ಆ ಜಾಗದಲ್ಲಿ ನನ್ನ ಅಂಗೈಯ ಹಿಟ್ಟು ಕೂತು ಕೂತು ಬೆಳ್ಳಗಾಗಿತ್ತು. ಸೊಂಟದೆತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿ ಅದರ ಮೇಲೆ ಒಲೆ ಹಾಕಿಸಿಕೊಡಿ, ನಿಂತು ಬಡಿಯುತ್ತೇನೆ ಎಂದು ಮೂರು ಸಲ ಕೇಳಿದೆ. "ನಿಂತು ಬಡದ ರೊಟ್ಟಿಗೆ ರುಚಿ ಎಲ್ಲಿಂದ ಬರಬೇಕವಾ?" ಎಂದು ನಕ್ಕ. ಮೂರನೆಯ ಸಲ ಕೇಳಿದ ದಿನ ಮಜ್ಜಿಗೆ ಎರಡು ಲೋಟ ಬಂತು.

ಬಸ್ ನಿಲ್ದಾಣದ ಹಿಂದೆ ಹುಸೇನಬಿ ಹೊಸದಾಗಿ ಖಾನಾವಳಿ ತೆರೆಯುವವಳಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ಕಡಿಮೆ. ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ನನ್ನ ಪಕ್ಕ ಬಂದು ನಿಂತಳು. ನಾನು ಗೋಡೆ ಹಿಡಿದು ಏಳುವುದನ್ನು ನೋಡಿದಳು.

"ಕಟ್ಟಿ ಕಟ್ಟಸಾಕ ಹತ್ತೀನಿ ಕಾಶವ್ವಾ. ನಿನ್ನ ಸೊಂಟದ ಅಳತಿ ಕೊಡು. ಇನ್ನೊಂದು ಸಾಲು ಇಟ್ಟಂಗಿ ಬೇಕೋ ಬ್ಯಾಡೋ ನೋಡ್ತೀನಿ."

ಇಷ್ಟೇ ಹೇಳಿದ್ದು. ಗಿರಣಿಯ ಸದ್ದಿನಲ್ಲಿ ನಾನು ಅತ್ತದ್ದು ಯಾರಿಗೂ ಕೇಳಲಿಲ್ಲ. ಮರುದಿನ ಸಾವಕಾರನಿಗೆ, ಈ ತಿಂಗಳು ಮುಗಿಸಿ ಬಿಡುತ್ತೇನೆ ಎಂದೆ. ಅವನು ನಗುತ್ತಲೇ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಕರಾರು ಪತ್ರ ತೆಗೆದ. ಎರಡು ವರ್ಷದ ಕೆಳಗೆ ಒಂದು ಮಧ್ಯಾಹ್ನ, ಎಸರು ಕುದಿಯುತ್ತಿದ್ದು ಓದಲು ಪುರಸೊತ್ತಿಲ್ಲದಾಗ ಅವನು ಅಡುಗೆಮನೆಗೆ ತಂದು ಸಹಿ ಹಾಕಿಸಿಕೊಂಡ ಕಾಗದ ಅದು. ಹೆಸರಿನ ಪಕ್ಕ ನನ್ನ ಹೆಬ್ಬೆರಳಿನ ಹಿಟ್ಟು ಇನ್ನೂ ಅಂಟಿಕೊಂಡಿತ್ತು.

"ಹೋಗು, ಯಾರು ಹಿಡದಾರ ನಿನ್ನ? ಕೈಗುಣ ಬಿಚ್ಚಿಟ್ಟು ಹೋಗು. ಎರಡು ವರ್ಷ. ಗಡಿಯಾರ ಗೋಪುರದ ಗಂಟಿ ಎಲ್ಲಿತನಕ ಕೇಳತೈತಿ, ಅಲ್ಲಿತನಕ ನೀ ಬ್ಯಾರೆಯವರ ಕಡೆ ರೊಟ್ಟಿ ಬಡಿಯಂಗಿಲ್ಲ."

"ಇದು ನಮ್ಮವ್ವ ಕಲಿಸಿದ್ದು ಸಾವಕಾರ್ರ. ನಿಮ್ಮ ಮನಿಯಾಗ ಕಲತದ್ದಲ್ಲ."

"ನಿಮ್ಮವ್ವ ಕಲಿಸಿದ್ದು ಮನಿ ಮಂದೀಗೆ ನಾಕು ರೊಟ್ಟಿ. ಮುನ್ನೂರು ಬಡಿಯೋ ಕೈ ಮಾಡಿದ್ದು ನನ್ನ ಒಲಿ."

ನಮ್ಮಲ್ಲಿ ಕೈಗುಣವನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಕೊಡುವವರು ತಾವೇ ಬಾಯಿಬಿಟ್ಟು ಮೂರು ಸಲ "ಕೈ ನಿಮ್ಮದು" ಎನ್ನಬೇಕು. ಕರಾರು ತೀರಿದ ದಿನ ಧಣಿ ಮೂರು ಸಲ "ಕೈ ನಿನ್ನದು" ಎನ್ನಬೇಕು. ಸಹಿ ಹಾಕಿಯೂ ಅನ್ನದಿದ್ದರೆ ಊರಲ್ಲಿ ಯಾರೂ ಕೆಲಸ ಕೊಡುವುದಿಲ್ಲ, ಪಾತ್ರೆ ತೊಳೆಯುವುದಕ್ಕೂ ಕರೆಯುವುದಿಲ್ಲ. ಅಂದೆ. ಮೂರನೆಯ ಸಲ ನಾಲಿಗೆ ಏಳಲಿಲ್ಲ, ಆದರೂ ಅಂದೆ. ಹಾಲಿನ ಕೆನೆಯಷ್ಟು ತೆಳ್ಳಗೆ ಅದು ಬಿಚ್ಚಿ ಬಂತು. ಸಾವಕಾರ ಅದನ್ನು ಗಲ್ಲಾದ ಹಿಂದಿನ ಗೂಟಕ್ಕೆ ತೂಗುಹಾಕಿ, ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದ. ಕಾಗುಣಿತ ತಪ್ಪು ಬರೆದ.

ಮನೆಗೆ ಬಂದು ಹಿಟ್ಟಿಗೆ ಕೈ ಹಾಕಿದರೆ ಅದು ಯಾರದೋ ಮನೆಯ ಹಿಟ್ಟು. ಬಡಿದರೆ ಹಲಗೆಗೆ ಅಂಟಿತು, ಎತ್ತಿದರೆ ಮೂರು ತುಂಡಾಯಿತು. ಕೊನೆಗೆ ನನ್ನ ಗಂಡ ಯಮನಪ್ಪ ರೊಟ್ಟಿ ಬಡಿಯಲು ಕೂತ. ಮನೆಯ ಮುಂದೆಯೇ ಅವನ ಸೈಕಲ್ ಅಂಗಡಿ. ಹದಿನೆಂಟು ವರ್ಷ ಪಂಕ್ಚರ್ ತಿದ್ದಿದ ಕೈ ಅದು, ರೊಟ್ಟಿಯೂ ಟ್ಯೂಬಿಗೆ ಹಚ್ಚುವ ತೇಪೆಯ ಹಾಗೆ ಸಣ್ಣಗೆ, ದಪ್ಪಗೆ, ಚೌಕವಾಗಿ ಬರುತ್ತಿತ್ತು. ಅಗಿಯುತ್ತಾ ಅಗಿಯುತ್ತಾ ದವಡೆ ನೋಯುತ್ತಿತ್ತು.

ಓಣಿಯವರು ಸಮಾಧಾನ ಹೇಳಲು ಬಂದರು. ಎರಡು ವರ್ಷ ಏನು ಮಹಾ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗುತ್ತದೆ ಎಂದರು. ಅವರ ಕೈ ಅವರ ಹತ್ತಿರವೇ ಇತ್ತಲ್ಲ, ಎಷ್ಟು ಬೇಕಾದರೂ ಹೇಳಬಹುದು. ಎರಡು ವರ್ಷ ಗೂಟದ ಮೇಲಿದ್ದ ಕೈಗುಣ ಒಣಗಿ ಗಡುಸಾಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪಕ್ಕದ ಓಣಿಯ ನೇಕಾರನಿಗೆ ಅವನದು ವಾಪಸು ಬಂದಾಗ ಅವನಿಂದ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಹುಸೇನಬಿ ಮಾತ್ರ ಸಮಾಧಾನ ಹೇಳಲಿಲ್ಲ. ಕಟ್ಟೆ ಮುಗಿದಿತ್ತು. ಅದನ್ನು ತೋರಿಸಿ, "ಬರೋ ಅಮಾಸಿಗೆ ಒಲಿ ಹಚ್ಚಬೇಕು. ಅಲ್ಲಿತನಕ ನಿನ್ನ ಜಾಗಾ ನಿಂದ. ಅದಕ್ಕಿಂತ ಹೆಚ್ಚಿಗಿ ಕಾಯಾಕ ನನ್ನ ಕಡೆ ಆಗಂಗಿಲ್ಲ," ಎಂದಳು. ಅಮಾವಾಸ್ಯೆಗೆ ಇಪ್ಪತ್ತಾರು ದಿನವಿತ್ತು. ಕಟ್ಟೆಯ ಪಕ್ಕ ನಿಂತು ನೋಡಿದೆ. ಸರಿಯಾಗಿ ನನ್ನ ಸೊಂಟಕ್ಕೆ ಬರುತ್ತಿತ್ತು.

ಇಷ್ಟೆಲ್ಲ ಆದರೂ ನನಗೆ ಆಗ ಬಂದದ್ದು ದುಃಖವೇ ಹೊರತು ಸಿಟ್ಟಲ್ಲ. ಹದಿನಾಲ್ಕು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಒಂದು ವಾರದ ಮೇಲೆ ಯಮನಪ್ಪ ಮಧ್ಯಾಹ್ನ ಒಂದು ರೊಟ್ಟಿ ಕಾಗದದಲ್ಲಿ ಸುತ್ತಿ ತಂದ. ಅವನ ಮುಖ ನೆಟ್ಟಗಿರಲಿಲ್ಲ.

"ಗಿರಾಕಿ ಒಬ್ಬ ಕೊಟ್ಟ. ಚನಮಲ್ಲಪ್ಪನ ಖಾನಾವಳೀದು. ನೋಡು."

ಬಿಚ್ಚಿದೆ. ದುಂಡಗೆ, ತೆಳ್ಳಗೆ, ಹಂಚಿನ ಮೇಲೆ ಉಬ್ಬಿ ಇಳಿದ ರೊಟ್ಟಿ. ಅಂಚಿನಲ್ಲಿ ಮೂರು ಬೆರಳು ಒತ್ತಿದ ಗುರುತು. ನನ್ನ ಅವ್ವ ಪ್ರತಿ ರೊಟ್ಟಿಯನ್ನೂ ಹಲಗೆಯಿಂದ ಎತ್ತುವ ಮುಂಚೆ ಹಾಗೆ ಒತ್ತುತ್ತಿದ್ದಳು. ಏಕೆ ಎಂದು ಕೇಳಿದರೆ, "ಅದು ಹಂಗ," ಎನ್ನುತ್ತಿದ್ದಳು. ನನ್ನ ಕೈಯೂ ಹಾಗೇ ಒತ್ತುತ್ತಿತ್ತು. ಈ ಊರಲ್ಲಿ ಬೇರೆ ಯಾರೂ ಒತ್ತುವುದಿಲ್ಲ.

ಕಾಲಿಗೆ ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಖಾನಾವಳಿಗೆ ಹೋದರೆ ಗೂಟ ಖಾಲಿ, ನನ್ನ ತಪ್ಪು ಹೆಸರು ಮಾತ್ರ ಗೋಡೆಯ ಮೇಲಿತ್ತು. ಅಡುಗೆಮನೆಯಲ್ಲಿ ನೆಲದ ಮೇಲೆ, ನನ್ನ ಜಾಗದಲ್ಲಿ, ಇಪ್ಪತ್ತು ಇಪ್ಪತ್ತೆರಡರ ಹೆಣ್ಣುಮಗಳೊಬ್ಬಳು ಕೂತು ಬಡಿಯುತ್ತಿದ್ದಳು. ಅವಳ ಕೈಗಳ ಮೇಲೆ ನನ್ನ ಕೈಗುಣವಿತ್ತು. ತೊಟ್ಟ ಬಳೆ ಮಾತ್ರ ಅವಳದು.

"ಏನ್ರೀ ಇದು ಸಾವಕಾರ್ರ?"

"ಏನು?" ಅವನು ಚಿಲ್ಲರೆ ಎಣಿಸುವುದನ್ನೂ ನಿಲ್ಲಿಸಲಿಲ್ಲ.

"ನೀವು ಇಟ್ಟುಕೋತೇನಿ ಅಂದಿದ್ರಿ. ಮತ್ತೊಬ್ಬಾಕಿಗೆ ತೊಡಿಸಿ ದುಡಿಸಾಕ ಹತ್ತೀರಿ!"

"ಇಟ್ಟುಕೋತೇನಿ ಅಂತ ಬರದೈತಿ. ಬಳಸೂದಿಲ್ಲ ಅಂತ ನಾ ಎಲ್ಲಿ ಬರದೇನಿ? ತೋರಿಸು."

ಆಗ ಬಂತು ನೋಡಿ. ಪಾದದಿಂದ ಹೊರಟು ನೆತ್ತಿಗೆ ಏರಿತು. ನನ್ನ ಅವ್ವನ ಮೂರು ಬೆರಳು ಇವನ ಗಲ್ಲಾಪೆಟ್ಟಿಗೆಗೆ ದುಡಿಯುತ್ತಿದ್ದವು, ನಾನು ಮನೆಯಲ್ಲಿ ತೇಪೆ ತಿನ್ನುತ್ತಿದ್ದೆ. ಅದೇ ಹೊತ್ತಿಗೆ ಅಡುಗೆಮನೆಯಿಂದ "ಅಯ್ಯ!" ಎಂಬ ದನಿ ಕೇಳಿಸಿತು. ತಿರುಗಿದೆ. ಹುಡುಗಿಯ ಕೈಯಲ್ಲಿದ್ದ ರೊಟ್ಟಿ ಅಂಚಿನಿಂದ ನಡುವಿನವರೆಗೆ ಹರಿದು ಜೋತಾಡುತ್ತಿತ್ತು. ಇನ್ನೊಂದು ಬಡಿದಳು, ಅದೂ ಹರಿಯಿತು. ಸಾವಕಾರ ಅಲ್ಲಿಂದಲೇ ಕೂಗಿದ. "ಏ ಶಿವಲೀಲಾ, ಬೆಳಿಗ್ಗೆ ಕೇಳಿದಾಗ ಮನಸ ತಣ್ಣಗೈತಿ ಅಂದಿದ್ದೆಲ್ಲ, ಈಗೇನಾತು?" ಆ ಬಡಪಾಯಿ, "ತಣ್ಣಗ ಐತ್ರಿ, ಆಣಿ ಮಾಡ್ತೇನ್ರಿ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ನಾನು ಹೊರಗೆ ಬಂದೆ. ಇಷ್ಟು ದೊಡ್ಡ ಖಾನಾವಳಿ ನಡೆಸುವವನು, ಬೆಳಿಗ್ಗೆ ಎದ್ದು ಕೇಳಬೇಕಾದ ನನ್ನನ್ನು ಬಿಟ್ಟು ಆ ಹುಡುಗಿಯನ್ನು ಕೇಳುತ್ತಿದ್ದ.

ಮರುದಿನದಿಂದ ನಾನು ಸಿಟ್ಟಿನ ಕೆಲಸಕ್ಕೆ ಕೂತೆ. ಬೆಳಿಗ್ಗೆ ಹುಸೇನಬಿಯ ಹತ್ತಿರ ಜೋಳ ಹಸನು ಮಾಡಿ, ಖಾನಾವಳಿಗೆ ತಂದ ಹೊಸ ಪಾತ್ರೆ ತೊಳೆದು, ಹನ್ನೊಂದಕ್ಕೆ ಮನೆಗೆ ಬಂದು ಬಾಗಿಲ ಮುಂದಿನ ಜಗಲಿಕಟ್ಟೆಯ ಮೇಲೆ ಕೂತರೆ ಎರಡರವರೆಗೆ ಏಳುತ್ತಿರಲಿಲ್ಲ. ಚನಮಲ್ಲಪ್ಪನಲ್ಲಿ ಊಟದ ಹೊತ್ತು ಅದು. ಸಿಟ್ಟಾಗುವುದು ಸುಲಭ ಎಂದು ತಿಳಿದವರು ಮೂರು ತಾಸು ಬಿಡದೆ ಸಿಟ್ಟಾಗಿ ನೋಡಬೇಕು. ಒಂದು ತಾಸಿಗೆ ತಲೆ ಸಿಡಿಯುತ್ತದೆ, ಎರಡನೆಯ ತಾಸಿಗೆ ನಿದ್ದೆ ಬರುತ್ತದೆ. ಆಗ ಯಮನಪ್ಪ ಟ್ಯೂಬು ನೀರಿಗೆ ಅದ್ದುತ್ತಲೇ ಕರಾರು ಪತ್ರದ ನಕಲನ್ನು ಜೋರಾಗಿ ಓದುತ್ತಿದ್ದ. "ಸದರಿ ಕೆಲಸಗಾರಳು ತನ್ನ ಎರಡೂ ಕೈಗಳ ಸಮಸ್ತ ಗುಣವನ್ನು..." ಅಷ್ಟು ಕೇಳಿದರೆ ಸಾಕು, ಮತ್ತೆ ಏರುತ್ತಿತ್ತು. ಅದೂ ಸಾಲದಿದ್ದರೆ ಎರಡು ಲೋಟ ಮಜ್ಜಿಗೆಯನ್ನು ನೆನೆಯುತ್ತಿದ್ದೆ. ಅವನು ಮೂರನೆಯ ಸಲ ನಕ್ಕ ನಗೆಯನ್ನು, ಗೋಡೆಯ ಮೇಲಿನ ಬಿಳಿ ಕಲೆಯನ್ನು ನೆನೆಯುತ್ತಿದ್ದೆ. ಎಷ್ಟು ಕೂಡಿಟ್ಟಿದ್ದೆನೋ ಏನೋ, ತೆಗೆದಷ್ಟೂ ಇತ್ತು. ಒಂದು ದಿನ ಮಾತ್ರ ಯಮನಪ್ಪ ತನ್ನ ರೊಟ್ಟಿಯನ್ನೇ ಸೈಕಲ್ ಟೈರಿನ ಸೀಳಿಗೆ ಒಳಗಿಂದ ಇಟ್ಟು, "ಹಿಡೀತು ನೋಡ ಕಾಶೀ!" ಎಂದುಬಿಟ್ಟ. ನಾನು ಹೊಟ್ಟೆ ಹಿಡಿದು ನಕ್ಕೆ. ಆ ದಿನ ಚನಮಲ್ಲಪ್ಪನ ರೊಟ್ಟಿಗಳೆಲ್ಲ ದುಂಡಗೆ ಬಂದವಂತೆ.

ಅಮಾವಾಸ್ಯೆಗೆ ಐದು ದಿನವಿರುವಾಗ ಶಿವಲೀಲಾ ಮನೆಗೆ ಬಂದಳು. ಹಣೆಯ ಮೇಲೆ ಒಲೆಯ ಬೂದಿ ಹಾಗೇ ಇತ್ತು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು.

"ಅಕ್ಕಾರ, ನೀವು ಸಿಟ್ಟಿಗೇಳೂದಕ್ಕ ನಾ ಬೈಸಿಕೋಳಾಕ ಹತ್ತೇನ್ರಿ. ಹರದ ರೊಟ್ಟಿ ಎಷ್ಟೋ ಅಷ್ಟು ಮತ್ತ ಬಡಿಸ್ತಾರ. ನಾಕರ ತನಕ ಏಳಾಕ ಬಿಡಂಗಿಲ್ಲ. ಮೊಣಕಾಲು ಹಿಡದಾವ್ರಿ."

ಇಪ್ಪತ್ತೆರಡರ ಹುಡುಗಿ ಮೊಣಕಾಲು ಹಿಡಿದು ಮಾತಾಡುತ್ತಿದ್ದಳು. ನನಗೆ ತಲೆ ತಗ್ಗಿತು.

"ಬಿಟ್ಟು ಹೋಗಬಾರದೇನ ತಂಗಿ?"

"ನಂದು ಹೂ ಕಟ್ಟೋ ಕೈರಿ ಅಕ್ಕಾರ. ಮಾರು ಮಲ್ಲಿಗಿ ಚಿಟಿಕಿ ಹೊಡಿಯೂದರಾಗ ಕಟ್ಟತಿದ್ದೆ. ಒಂದು ಕೈಗೆ ಎರಡು ಗುಣ ಹಿಡಸಂಗಿಲ್ಲ ಅಂತ ನಂದು ಬಿಚ್ಚಿಸಿ ಪೆಟಿಗ್ಯಾಗ ಇಟ್ಟಾರ. ನಾನೂ ಸಹಿ ಮಾಡೇನ್ರಿ."

ಎರಡು ದಿನ ನಾನು ಸಿಟ್ಟಾಗಲಿಲ್ಲ. ಆಗಬಾರದೆಂದು ಹಲ್ಲು ಕಚ್ಚಿ ಕೂತೆ, ಹಳೆಯ ಅಭ್ಯಾಸ ಕೈಹಿಡಿಯಿತು. ಖಾನಾವಳಿಯ ರೊಟ್ಟಿ ಮತ್ತೆ ಮೊದಲಿನಂತಾಯಿತು. ಚನಮಲ್ಲಪ್ಪ ಗೆಲುವಾಗಿ, ಅಮಾವಾಸ್ಯೆಗೆ ದಲಾಲಿ ಬಜಾರಿನ ವರ್ತಕರ ನಾನೂರು ಮಂದಿಯ ಊಟ ಒಪ್ಪಿಕೊಂಡನಂತೆ. ಅಷ್ಟೂ ರೊಟ್ಟಿ ಶಿವಲೀಲಾಳ ಮೊಣಕಾಲಿನ ಮೇಲೆ ಬೀಳುವವಿದ್ದವು. ಮೂರನೆಯ ದಿನ ಅವಳು ಮತ್ತೆ ಬಂದಾಗ ಕುಂಟುತ್ತಿದ್ದಳು. ನಾನು ಸುಮ್ಮನಿದ್ದರೂ ಅವಳಿಗೆ ಅದೇ ನೆಲ, ಸಿಟ್ಟಾದರೂ ಅದೇ ನೆಲ. ಎರಡು ದಿನ ನುಂಗಿದ್ದೆಲ್ಲ ಒಮ್ಮೆಲೇ ಎದ್ದು ಬಂತು.

"ಬೆಳಿಗ್ಗೆ ನಿನಗ ಏನ ಕೇಳತಾನವಾ ಅಂವ?"

"ಮನಸ ತಣ್ಣಗ ಐತಿಲ್ಲ ಅಂತ ಕೇಳತಾರ್ರಿ."

"ಅಮಾಸಿ ದಿನ ಕೇಳಲಿ. ನಂದು ತಣ್ಣಗೈತ್ರಿ, ಆದರ ಇದು ಕಾಶವ್ವನ ಕೈರಿ, ಆಕೀನ್ನ ಕೇಳ್ರಿ ಅನ್ನು. ನಾಕು ಮಂದಿ ಎದುರಿಗೇ ಅನ್ನು."

ಅವಳು ಹೂಂ ಎಂದು ತಲೆಯಾಡಿಸಿದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಮನೆಯ ಜಗಲಿಕಟ್ಟೆಯ ಮೇಲೆ ಕೂತೆ. ಆ ದಿನ ಯಮನಪ್ಪ ಓದಬೇಕಾಗಲಿಲ್ಲ. ನನ್ನ ಅವ್ವ ಕೂತೇ ಬಡಿದು ಕೂತೇ ಸತ್ತದ್ದು ನೆನಪಾಯಿತು. ಕುಂಟಿಕೊಂಡು ಹೋದ ಹುಡುಗಿ ನೆನಪಾದಳು. ಹುಸೇನಬಿಯ ಕಟ್ಟೆಯ ಮುಂದೆ ಬೇರೆ ಯಾರೋ ನಿಂತಂತೆ ಕಂಡಿತು. ಸಂಜೆಯೊಳಗೆ ಕೈ ಸಿಗದಿದ್ದರೆ ಆ ಜಾಗ ನನ್ನದಲ್ಲ. ಕಣ್ಣು ಉರಿಯುತ್ತಿತ್ತು, ಕಿವಿ ಬಿಸಿಯಾಗಿತ್ತು.

ಹನ್ನೆರಡರ ಗಂಟೆ ಹೊಡೆಯುವಾಗ ಓಣಿಯ ತುದಿಯಲ್ಲಿ ಚನಮಲ್ಲಪ್ಪ ಕಾಣಿಸಿದ. ಧೋತರ ಎತ್ತಿ ಹಿಡಿದು ಬರುತ್ತಿದ್ದ, ಹಿಂದೆ ಹಿಟ್ಟುಗೈಯಲ್ಲೇ ಶಿವಲೀಲಾ, ಅವಳ ಹಿಂದೆ ಹಸಿದ ವರ್ತಕರು ಏಳೆಂಟು ಮಂದಿ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮನೆಯ ಮುಂದೆ ನಿಂತ. ಏದುಸಿರು ಬಿಡುತ್ತಲೇ ಕೇಳಿದ.

"ಮನಸ ತಣ್ಣಗ ಐತಿಲ್ಲ ಕಾಶವ್ವಾ?"

"ಇಲ್ರಿ," ಎಂದೆ.

ಆ ಒಂದು ಮಾತು ಆಡಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು.

"ಎಲಿ ಹಾಕೇತಿ, ನಾನೂರು ಮಂದಿ ಕುಂತಾರ, ಒಂದು ರೊಟ್ಟಿ ನೆಟ್ಟಗಿಲ್ಲ. ಸಿಟ್ಟು ಬಿಡವಾ. ಕಟ್ಟಿ ಕಟ್ಟಸ್ತೇನಿ. ನಾಳೆಯಿಂದ ಬಾ."

"ಕೈ ಕೊಡ್ರಿ ಮೊದಲ. ನಂದೂ, ಈಕೀದೂ."

"ಸಿಟ್ಟು ಬಿಡು ಮೊದಲ, ಆಮ್ಯಾಲೆ ಕೊಡ್ತೇನಿ."

ಅಷ್ಟು ಅಂದದ್ದೇ ತಡ, ಶಿವಲೀಲಾಳ ಅಂಗೈಯಲ್ಲಿದ್ದ ಹಿಟ್ಟಿನ ಉಂಡೆ ಬಡಿಯದೆಯೇ ಬಿರಿದು ಎರಡಾಗಿ ನೆಲಕ್ಕೆ ಬಿತ್ತು. ವರ್ತಕರಲ್ಲಿ ದಪ್ಪ ಮೀಸೆಯವನೊಬ್ಬ, "ಕೊಟ್ಟ ಬಿಡ್ರಿ ಸಾವಕಾರ್ರ, ಹೊಟ್ಟಿ ಹಸದಾವು," ಎಂದ. ಚನಮಲ್ಲಪ್ಪ ನನ್ನ ಮುಖ ನೋಡಿದ, ಬಿದ್ದ ಹಿಟ್ಟು ನೋಡಿದ. ಕೈ ಕೊಟ್ಟರೆ ಇವಳು ಕರಗುತ್ತಾಳೆ, ಎದ್ದು ಬಂದು ನಾನೂರು ಬಡಿದು ಕೊಡುತ್ತಾಳೆ ಎಂದು ಲೆಕ್ಕ ಹಾಕಿರಬೇಕು. ನಾನು ಯಾವಾಗಲೂ ಕರಗಿದವಳೇ ಅಲ್ಲವೇ. ಅಂಗಿಯ ಜೇಬಿನಿಂದ ಎರಡೂ ಕರಾರು ಪತ್ರ ತೆಗೆದು ಯಮನಪ್ಪ ಟ್ಯೂಬು ಅದ್ದುವ ನೀರಿನ ಬೋಗುಣಿಗೆ ಹಾಕಿದ. ಮೊದಲು ಶಿವಲೀಲಾಳಿಗೆ, ಆಮೇಲೆ ನನಗೆ, ಎಲ್ಲರ ಎದುರಿಗೆ ಮೂರು ಮೂರು ಸಲ ಅಂದ. "ಕೈ ನಿನ್ನದು. ಕೈ ನಿನ್ನದು. ಕೈ ನಿನ್ನದು."

ಶಿವಲೀಲಾ ನನ್ನದನ್ನು ಬಿಚ್ಚಿ ನನ್ನ ಕೈಗೇ ತೊಡಿಸಿದಳು. ಬೆಚ್ಚಗಿತ್ತು, ಸ್ವಲ್ಪ ಬೆವರಿತ್ತು. ಅವಳು ಅಲ್ಲಿ ನಿಲ್ಲಲಿಲ್ಲ, ತನ್ನ ಕೈಗುಣವಿದ್ದ ಪೆಟ್ಟಿಗೆಯ ಕಡೆ ಕುಂಟುತ್ತಲೇ ಓಡಿದಳು.

"ಇನ್ನರ ಏಳು ಕಾಶವ್ವಾ, ಹೊತ್ತಾತು," ಎಂದ ಚನಮಲ್ಲಪ್ಪ.

"ಎಲ್ಲಿಗ್ರಿ?"

"ಎಲ್ಲಿಗೆ ಅಂದ್ರ? ರೊಟ್ಟಿಗೆ!"

"ಕೈ ಕೊಡ್ರಿ ಅಂದೇನಿ. ಬರ್ತೇನಿ ಅಂತ ನಾ ಎಲ್ಲಿ ಅಂದೇನಿ? ತೋರಸ್ರಿ."

ಚಪ್ಪಲಿ ಹಾಕಿಕೊಂಡು, ಗೋಡೆ ಹಿಡಿದು ಎದ್ದು, ಬಸ್ ನಿಲ್ದಾಣದ ಕಡೆ ನಡೆದೆ. ವರ್ತಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರೂ ಅದೇ ದಾರಿ ಹಿಡಿದರು.

ಹುಸೇನಬಿ ಒಲೆ ಹಚ್ಚಿ ಎಸರಿಟ್ಟು ಕೂತಿದ್ದಳು. ನನ್ನ ಕೈ ನೋಡಿದಳು, ಎದ್ದು ಜಾಗ ಬಿಟ್ಟಳು. ನಾನು ನಿಂತುಕೊಂಡು ಹಿಟ್ಟು ನಾದಿದೆ. ಹಿಟ್ಟು ನನ್ನದಾಗಿತ್ತು, ಅಂಗೈಗೆ ಅದರ ಪರಿಚಯವಿತ್ತು. ಬಡಿದೆ, ದುಂಡಗೆ ಹರಡಿತು. ಅಂಚಿಗೆ ಮೂರು ಬೆರಳು ಒತ್ತಿ ಹಂಚಿಗೆ ಹಾಕಿದೆ. ಉಬ್ಬಿತು. ಉಬ್ಬಿದ್ದು ಅಂಚಿನಿಂದ ನಡುವಿನವರೆಗೆ ಸೀಳಿತು.

ಕೈ ಬಂದಿತ್ತು, ಜಾಗ ಸಿಕ್ಕಿತ್ತು, ಸಿಟ್ಟು ಮಾತ್ರ ಹೋಗಿರಲಿಲ್ಲ. ಹೋಗು ಎಂದರೆ ಹೋಗುವಂತೆಯೂ ಇರಲಿಲ್ಲ, ಅಷ್ಟು ಹಳೆಯದು. ಹೊರಗೆ ವರ್ತಕರು ಸಾಲಾಗಿ ಕೂತಿದ್ದರು. ಈಗ ಹುಸೇನಬಿಯೂ ಆ ಮಾತನ್ನೇ ಕೇಳುತ್ತಾಳೆ ಎಂದು ಕಾದೆ. ಕೇಳಿದರೆ ಮತ್ತೆ ಸುಳ್ಳು ಹೇಳಬೇಕು, ಮತ್ತೆ ನುಂಗಬೇಕು. ಅವಳು ಹಂಚಿನಿಂದ ರೊಟ್ಟಿ ತೆಗೆದು ಆ ಸೀಳಿನಗುಂಟ ಮುರಿದಳು. ಅರ್ಧ ನನಗೆ ಕೊಟ್ಟು, ಅರ್ಧ ತಾನು ಬಾಯಿಗಿಟ್ಟು ಅಗಿದಳು.

"ರುಚಿ ಐತಿ. ಮಂದಿ ಹೆಂಗೂ ಮುರದ ತಿಂತಾರ. ಬಡಿ."

ಬಡಿದೆ. ಇವತ್ತಿಗೂ ಬಡಿಯುತ್ತಿದ್ದೇನೆ, ನಿಂತುಕೊಂಡು. ಕೆಲವು ದಿನ ಹತ್ತು ಸೀಳುತ್ತವೆ, ಕೆಲವು ದಿನ ನೂರು. ಮುರಿದುಕೊಂಡು ತಿನ್ನುವವರಿಗೆ ಅದರ ಪರಿವೆಯಿಲ್ಲ. ಶಿವಲೀಲಾ ಬಸ್ ನಿಲ್ದಾಣದ ಬಾಗಿಲಲ್ಲಿ ಹೂ ಕಟ್ಟುತ್ತಾಳೆ, ಎತ್ತರದ ಸ್ಟೂಲಿನ ಮೇಲೆ ಕೂತು. ಹೋದ ವಾರ ಒಂದು ಬೆಳಿಗ್ಗೆ, ನಾನು ಬಡಿಯಲು ನಿಲ್ಲುವ ಮುಂಚೆ, ಓಡುತ್ತಾ ಬಂದು ಒಂದು ಕಾಗದ ತೋರಿಸಿದಳು. ಚನಮಲ್ಲಪ್ಪ ಹೊಸ ಕೆಲಸಗಾರರಿಗಾಗಿ ಅಚ್ಚು ಹಾಕಿಸಿದ ಕರಾರು ಪತ್ರ ಅದು. ಕೊನೆಯಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು. ಅವಳೇ ಓದಿದಳು. "ಸದರಿ ಕೆಲಸಗಾರರು ಕೆಲಸ ಬಿಟ್ಟ ನಂತರವೂ ಎರಡು ವರ್ಷಗಳವರೆಗೆ ಯಾವ ಕಾರಣಕ್ಕೂ ಸಿಟ್ಟಾಗತಕ್ಕದ್ದಲ್ಲ." ಈಗಾಗಲೇ ಮೂವರು ಸಹಿ ಹಾಕಿದ್ದಾರಂತೆ, ಎಸರು ಕುದಿಯುವ ಹೊತ್ತಿನಲ್ಲಿ.

ಆ ಕಾಗದ ನೋಡಿದ ದಿನ ನಾನು ಬಡಿದ ನಾನೂರ ಹನ್ನೆರಡು ರೊಟ್ಟಿಗಳಲ್ಲಿ ಒಂದೂ ಇಡಿಯಾಗಿ ಬರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಎಲ್ಲವೂ ಖರ್ಚಾಗಿದ್ದವು.